ನಮ್ಮ ಸುತ್ತ ಸುಳಿದಾಡುವ ಜೀವ: ಇತಿಹಾಸದಲ್ಲಿ ಬೆಕ್ಕು ಮತ್ತು ನಮ್ಮ ಹೊಣೆ

ಕೊಣ್ಣೂರಿನ ನಮ್ಮ ಮನೆಯಲ್ಲಿ ನಾನಿಯವರು ತೀರಿಕೊಂಡು, ಮೂರು ದಿನಗಳ ಶೋಕ ಮುಗಿದು, ಬಂಧುಗಳೆಲ್ಲರೂ ತಮ್ಮ ತಮ್ಮ ಊರುಗಳಿಗೆ ಮರಳಿದ ಮೇಲೆ ಒಂದು ಅಳು ಮಾತ್ರ ಮನೆಯಲ್ಲಿ ಉಳಿಯಿತು. ಅದು ಅವರ ಬೆಕ್ಕಿನದು. ಮಾನೊ ಎಂದು ಅವರೇ ಹೆಸರಿಟ್ಟಿದ್ದರು. ಒಂಬತ್ತು ವರ್ಷಗಳ ಕಾಲ ಅವರ ಹಾಸಿಗೆಯ ಕಾಲ್ದೆಸೆಯಲ್ಲಿ ಮಲಗಿ, ಫಜ್ರ್‌ನ ಅಝಾನ್‌ಗೆ ಅವರೊಂದಿಗೇ ಎದ್ದು, ಅವರು ರೊಟ್ಟಿ ಮುರಿಯುವಾಗ ಪಕ್ಕದಲ್ಲಿ ಕುಳಿತು ಬೆಳೆದ ಪ್ರಾಣಿ ಅದು. ಈಗ ರಾತ್ರಿಯಿಡೀ ಮುಚ್ಚಿದ ಕೋಣೆಯ ಮುಂದೆ ಕುಳಿತು ಕೂಗುತ್ತಿತ್ತು. ಹಗಲಿನಲ್ಲಿ ಕಂಡವರ ಕಾಲಿಗೆ ತೊಡರಿಕೊಳ್ಳುತ್ತಿತ್ತು. ಮಕ್ಕಳು ಬರೆಯುತ್ತಿದ್ದರೆ ಪುಸ್ತಕದ ಮೇಲೆ, ನಾವು ನಮಾಝಿಗೆ ನಿಂತರೆ ಮುಸಲ್ಲಾದ ಮೇಲೆ ಬಂದು ಮಲಗುತ್ತಿತ್ತು. ದೂಡಿದಷ್ಟೂ ಹತ್ತಿರ ಬರುತ್ತಿತ್ತು.

ಮನೆಯ ಹಿರಿಯರು ಸೇರಿ ಒಂದು ತೀರ್ಮಾನಕ್ಕೆ ಬಂದರು. ನಮ್ಮ ಕಡೆ ಬೇಡವಾದ ಬೆಕ್ಕಿಗೆ ಜನರು ಮಾಡುವುದು ಗೊತ್ತಿದ್ದದ್ದೇ: ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಘಟಪ್ರಭೆಯನ್ನು ದಾಟಿಸಿ ಯಾವುದಾದರೂ ಸಂತೆಯ ಬಳಿ ಬಿಟ್ಟು ಬರುವುದು. ಅಲ್ಲಿ ಮೀನು ಮಾರುವವರಿದ್ದಾರೆ, ಹೇಗೋ ಬದುಕಿಕೊಳ್ಳುತ್ತದೆ ಎಂಬ ಸಮಾಧಾನವೂ ಅದರೊಂದಿಗೆ ಸೇರಿರುತ್ತದೆ. ಚೀಲವನ್ನು ತಂದೂ ಆಗಿತ್ತು. ಆಗ ಮನೆಯ ಚಿಕ್ಕ ಹುಡುಗಿ, "ಅಬ್ಬಾ, ಅದು ನಾನೀನ್ನ ಹುಡುಕಾಕತ್ತೈತಿ" ಎಂದಳು. ಅದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಚೀಲ ಅಂದು ಬಾಗಿಲ ಹಿಂದೆಯೇ ಉಳಿಯಿತು.

ಆ ರಾತ್ರಿ ನಾವು ನಮ್ಮನ್ನೇ ಕೇಳಿಕೊಂಡೆವು: ಈ ಮೂಕಪ್ರಾಣಿಗೆ ನಾವು ನಿಜವಾಗಿ ಏನನ್ನು ಕೊಡಬೇಕಾಗಿದೆ? ಅನ್ನ, ನೀರು ಕೊಟ್ಟರೆ ಹೊಣೆ ಮುಗಿಯಿತೇ? ಅದರ ಒಂಟಿತನಕ್ಕೂ ನಾವು ಉತ್ತರಿಸಬೇಕೇ? ಹುಡುಕುತ್ತಾ ಹೋದಾಗ ಈ ಪ್ರಶ್ನೆ ಬಹಳ ಹಳೆಯದೆಂದೂ ನಮ್ಮ ಇತಿಹಾಸದಲ್ಲಿ ಅದಕ್ಕೆ ಹಲವು ಉತ್ತರಗಳಿವೆಯೆಂದೂ ತಿಳಿಯಿತು. ಇಂತಹುದೇ ಸಂಕಟದಲ್ಲಿರುವ ಇತರ ಕುಟುಂಬಗಳಿಗೂ ಉಪಯೋಗವಾದೀತೆಂದು ಅವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಪಾತ್ರೆಯನ್ನು ಬಾಗಿಸಿದ ಕೈ

ಮದೀನಾದ ಅನ್ಸಾರಿ ಸಹಾಬಿಗಳಲ್ಲಿ ಅಬೂ ಕತಾದಾ(ರ) ಹೆಸರಾಂತ ಕುದುರೆ ಸವಾರರು. ಅವರ ಸೊಸೆ ಕಬ್ಶಾ ಬಿಂತ್ ಕಅಬ್‌ರವರು ಮಾವನ ವುಝೂವಿಗೆಂದು ಪಾತ್ರೆಯಲ್ಲಿ ನೀರನ್ನು ಸಿದ್ಧಪಡಿಸಿದ್ದರು. ಅಷ್ಟರಲ್ಲಿ ಒಂದು ಬೆಕ್ಕು ನೀರು ಕುಡಿಯಲು ಬಂತು. ಅಬೂ ಕತಾದಾ(ರ) ಅದನ್ನು ಓಡಿಸಲಿಲ್ಲ. ಪಾತ್ರೆಯನ್ನು ಅದರ ಕಡೆಗೆ ಬಾಗಿಸಿ, ಅದು ಕುಡಿದು ಮುಗಿಸುವವರೆಗೂ ಹಾಗೆಯೇ ಹಿಡಿದುಕೊಂಡರು. ಸೊಸೆ ಬೆರಗಾಗಿ ನೋಡುತ್ತಿರುವುದನ್ನು ಕಂಡು, ಬೆಕ್ಕು ಅಶುದ್ಧವಲ್ಲವೆಂದೂ ಅದು ನಿಮ್ಮ ನಡುವೆ ಸದಾ ಸುಳಿದಾಡುವವರಲ್ಲಿ ಒಂದೆಂದೂ ಪ್ರವಾದಿ(ಸ)ರವರು ಹೇಳಿದ್ದನ್ನು ತಿಳಿಸಿದರು. ಹಿಜರಿ 179ರಲ್ಲಿ ನಿಧನರಾದ ಇಮಾಮ್ ಮಾಲಿಕ್(ರಹ್)ರವರು ತಮ್ಮ ಮುವತ್ತಾದಲ್ಲಿ ಈ ಹದೀಸನ್ನು ಸೇರಿಸಿದ್ದಾರೆ. ಅಬೂದಾವೂದ್, ತಿರ್ಮಿದಿ ಮೊದಲಾದವರ ಸಂಗ್ರಹಗಳಲ್ಲೂ ಅದು ಇದೆ.

ಕರ್ಮಶಾಸ್ತ್ರ ವಿದ್ವಾಂಸರು ಇದರಿಂದ ಶುದ್ಧಿಯ ನಿಯಮವನ್ನು ಪಡೆದರು. ಬೆಕ್ಕು ಬಾಯಿಟ್ಟ ನೀರು ಶುದ್ಧವೆಂಬುದು ಇಮಾಮ್ ಮಾಲಿಕ್, ಶಾಫಿಈ ಮತ್ತು ಅಹ್ಮದ್(ರಹ್)ರವರ ನಿಲುವು. ಬೇರೆ ನೀರಿರುವಾಗ ಅದನ್ನು ಬಳಸದಿರುವುದು ಉತ್ತಮವೆಂಬುದು ಇಮಾಮ್ ಅಬೂ ಹನೀಫಾ(ರಹ್)ರವರ ನಿಲುವು. ಬೆಕ್ಕನ್ನು ಮನೆಯಿಂದ ಹೊರಹಾಕಬೇಕೆಂದು ಇವರಲ್ಲಿ ಯಾರೂ ಹೇಳಲಿಲ್ಲ. 'ಸುಳಿದಾಡುವವರು' ಎಂಬ ಆ ಮಾತಿನಲ್ಲಿ ಇನ್ನೊಂದು ಅರ್ಥವನ್ನೂ ವ್ಯಾಖ್ಯಾನಕಾರರು ಗುರುತಿಸಿದ್ದಾರೆ. ಪವಿತ್ರ ಕುರ್‌ಆನ್‌ನ ಅನ್ನೂರ್ ಅಧ್ಯಾಯವು ಮನೆಯೊಳಗೆ ಸ್ವತಂತ್ರವಾಗಿ ಬಂದು ಹೋಗುವ ಸೇವಕರು ಮತ್ತು ಮಕ್ಕಳ ಕುರಿತು ಹೇಳುವಾಗ ಇದೇ ಧಾತುವಿನ ಪದವನ್ನು ಬಳಸಿದೆ. ಹೀಗೆ ಬೆಕ್ಕು ಹೊರಗಿನ ಮೃಗಗಳ ಸಾಲಿನಿಂದ ಮನೆಮಂದಿಯ ಸಾಲಿಗೆ ಬಂತು.

ಮಾತೆ ಆಯಿಶಾ(ರ)ರವರ ಮನೆಯ ಪ್ರಸಂಗವೂ ಇಂತಹುದೇ. ಅವರಿಗೆಂದು ಒಬ್ಬ ಮಹಿಳೆ ಹರೀಸಾ ತಂದಾಗ ಅವರು ನಮಾಝಿನಲ್ಲಿದ್ದರು. ಕೆಳಗಿಡುವಂತೆ ಸನ್ನೆ ಮಾಡಿದರು. ಅಷ್ಟರಲ್ಲಿ ಬೆಕ್ಕು ಬಂದು ಸ್ವಲ್ಪ ತಿಂದಿತು. ನಮಾಝ್ ಮುಗಿಸಿದ ಮೇಲೆ ಆಯಿಶಾ(ರ) ಬೆಕ್ಕು ತಿಂದ ಕಡೆಯಿಂದಲೇ ತೆಗೆದುಕೊಂಡು ಉಂಡರು. ಅಬೂದಾವೂದ್‌ನಲ್ಲಿರುವ ಈ ವರದಿಯನ್ನು ಓದಿದಾಗ, ಮುಸಲ್ಲಾದ ಮೇಲೆ ಮಲಗಿದ ಮಾನೊನನ್ನು ಕಂಡು ನಮಗೆ ಬರುತ್ತಿದ್ದ ಸಿಟ್ಟು ನೆನಪಾಗಿ ಮುಜುಗರವಾಯಿತು.

ನಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ ಉತ್ತರ ಅಬೂ ಹುರೈರಾ(ರ)ರವರ ಹೆಸರಿನಲ್ಲೇ ಇದೆ. ಯಮನ್ ಕಡೆಯ ದೌಸ್ ಗೋತ್ರದ ಅವರು ಹಿಜರಿ 7ರಲ್ಲಿ, ಖೈಬರ್‌ನ ಸಮಯದಲ್ಲಿ, ಮದೀನಾಕ್ಕೆ ಬಂದರು. ಅತ್ಯಂತ ಹೆಚ್ಚು ಹದೀಸ್‌ಗಳನ್ನು ವರದಿ ಮಾಡಿದ ಈ ಸಹಾಬಿಯನ್ನು ಇಡೀ ಜಗತ್ತು ನೆನೆಯುವುದು ಬೆಕ್ಕಿನ ಮರಿಯ ಹೆಸರಿನಿಂದ. ಇದಕ್ಕೆ ಕಾರಣವನ್ನು ಅವರೇ ಹೇಳಿದ್ದಾಗಿ ತಿರ್ಮಿದಿಯಲ್ಲಿದೆ. ಅವರು ತಮ್ಮ ಮನೆಯವರ ಕುರಿಗಳನ್ನು ಕಾಯುತ್ತಿದ್ದರು. ಅವರಿಗೊಂದು ಪುಟ್ಟ ಬೆಕ್ಕಿತ್ತು. ರಾತ್ರಿ ಅದನ್ನು ಮರದ ಮೇಲೆ ಇಡುತ್ತಿದ್ದರು. ಹಗಲಾದಾಗ ಜೊತೆಗೆ ಕರೆದೊಯ್ದು ಅದರೊಂದಿಗೆ ಆಡುತ್ತಿದ್ದರು. ಜನರು ಅದನ್ನು ಕಂಡು ಹಾಗೆ ಕರೆದರು. ಎತ್ತರದ, ಭಯವಿಲ್ಲದ ಜಾಗದಲ್ಲಿ ರಾತ್ರಿ, ಹಗಲಿನಲ್ಲಿ ಜೊತೆ ಮತ್ತು ಆಟ: ಸಾಕಿದ ಬೆಕ್ಕಿಗೆ ಇಂದಿನ ಪಶುವೈದ್ಯರು ಹೇಳುವುದೂ ಬಹುಮಟ್ಟಿಗೆ ಇದನ್ನೇ ಎಂಬುದನ್ನು ಮುಂದೆ ನೋಡೋಣ.

ಕೂಡಿಹಾಕಿದ ಬೆಕ್ಕು

ಅದೇ ಅಬೂ ಹುರೈರಾ(ರ)ರವರೂ ಅಬ್ದುಲ್ಲಾ ಇಬ್ನ್ ಉಮರ್(ರ)ರವರೂ ವರದಿ ಮಾಡಿದ ಇನ್ನೊಂದು ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿದೆ. ಒಬ್ಬ ಮಹಿಳೆ ಬೆಕ್ಕನ್ನು ಕೂಡಿಹಾಕಿದಳು. ಅದಕ್ಕೆ ಉಣಿಸಲಿಲ್ಲ. ತಾನೇ ಹುಡುಕಿಕೊಂಡು ತಿನ್ನಲು ಬಿಡಲೂ ಇಲ್ಲ. ಅದು ಸತ್ತಿತು. ಆ ಕಾರಣಕ್ಕೆ ಅವಳು ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿ(ಸ)ರವರು ಎಚ್ಚರಿಸಿದರು. ಈ ಹದೀಸನ್ನು ನಾವು ಚಿಕ್ಕಂದಿನಿಂದ ಮದ್ರಸಾದಲ್ಲಿ ಕೇಳಿದ್ದೇವೆ. ನಾವೇನೂ ಬೆಕ್ಕಿಗೆ ಉಪವಾಸ ಹಾಕುವುದಿಲ್ಲವಲ್ಲ ಎಂದುಕೊಂಡು ನಿಶ್ಚಿಂತರಾಗಿದ್ದೇವೆ.

ಆದರೆ ಅದರಲ್ಲಿ ಅಪರಾಧವಾಗಿ ಕಾಣುವುದು ಎರಡು ಸಂಗತಿಗಳ ಜೋಡಣೆ. ಪ್ರಾಣಿಯ ಸ್ವಾತಂತ್ರ್ಯವನ್ನು ಆಕೆ ಕಿತ್ತುಕೊಂಡಳು. ಆ ಸ್ವಾತಂತ್ರ್ಯದಿಂದ ಅದಕ್ಕೆ ಸಿಗುತ್ತಿದ್ದುದನ್ನು ತಾನು ಒದಗಿಸಲಿಲ್ಲ. ಯಾರು ಬಾಗಿಲು ಮುಚ್ಚುತ್ತಾರೋ ಒಳಗಿರುವ ಜೀವದ ಹೊಣೆ ಅವರದೇ ಆಗುತ್ತದೆ. ಬೀದಿಯ ಬೆಕ್ಕಿಗೆ ಬೇಟೆಯಿದೆ, ಬಿಸಿಲಿದೆ, ಹತ್ತಲು ಗೋಡೆಯಿದೆ, ಅದರದೇ ಜಾತಿಯ ನೆರೆಹೊರೆಯಿದೆ. ಅದನ್ನು ಒಳಗೆ ತಂದು ಚಿಲಕ ಹಾಕಿದ ನಾವು ತಟ್ಟೆಯಲ್ಲಿ ಹಾಲನ್ನ ಇಟ್ಟು ಎಲ್ಲವನ್ನೂ ಕೊಟ್ಟೆವೆಂದು ಭಾವಿಸಿದರೆ ಆ ಲೆಕ್ಕ ಸರಿಹೋಗುವುದೇ? ಇದು ಹದೀಸಿನ ನೇರ ತೀರ್ಪಲ್ಲ. ಅದನ್ನು ಓದಿ ನಾವು ನಮಗಾಗಿ ಪಡೆದುಕೊಂಡ ಪಾಠ.

ಹಿಜರಿ 660ರಲ್ಲಿ (1262) ಕೈರೋದಲ್ಲಿ ನಿಧನರಾದ ಶಾಫಿಈ ವಿದ್ವಾಂಸ ಇಝ್ಝುದ್ದೀನ್ ಇಬ್ನ್ ಅಬ್ದಿಸ್ಸಲಾಮ್(ರಹ್)ರವರು ಮನುಷ್ಯನ ಮೇಲೆ ಸಾಕುಪ್ರಾಣಿಗಳಿಗಿರುವ ಹಕ್ಕುಗಳನ್ನು ಒಂದೊಂದಾಗಿ ಎಣಿಸಿದ್ದಾರೆ. ಅವುಗಳಿಗೆ ತಕ್ಕ ಆಹಾರ ಕೊಡಬೇಕು. ತಾಳಲಾರದ ಹೊರೆ ಹೊರಿಸಬಾರದು. ನೋಯಿಸುವ ಪ್ರಾಣಿಗಳೊಂದಿಗೆ ಕೂಡಿಹಾಕಬಾರದು. ಮಲಗುವ ಜಾಗವನ್ನು ಚೆನ್ನಾಗಿಡಬೇಕು. ಇವೆಲ್ಲಕ್ಕೂ ಮೊದಲು ಅವರು ಹೇಳಿದ್ದು ನಮ್ಮನ್ನು ತಡೆದು ನಿಲ್ಲಿಸಿತು: ವಯಸ್ಸಾಗಿ ಅಥವಾ ರೋಗದಿಂದ ಪ್ರಾಣಿಯು ಯಾವ ಪ್ರಯೋಜನಕ್ಕೂ ಬಾರದಂತಾದರೂ ಅದರ ಪೋಷಣೆ ಒಡೆಯನ ಮೇಲಿದೆ. ಇಲಿ ಹಿಡಿಯದ, ನಾನಿಯವರಿಗೆ ಜೊತೆಯಾಗುವ ಕೆಲಸವೂ ಮುಗಿದುಹೋದ ಮಾನೊ ನಮಗೆ ಇನ್ನೇನೂ ಪ್ರಯೋಜನವಿಲ್ಲದ ಪ್ರಾಣಿಯಾಗಿತ್ತು. ಏಳುನೂರೈವತ್ತು ವರ್ಷಗಳ ಹಿಂದಿನ ಆ ಬರಹ ನಮ್ಮ ಬಾಗಿಲ ಹಿಂದಿದ್ದ ಚೀಲದ ಕುರಿತೇ ಬರೆದಂತಿತ್ತು.

ಅಂಗಿಯ ತೋಳು ಮತ್ತು ಕೈರೋದ ತೋಟ

ಪ್ರವಾದಿ(ಸ)ರವರಿಗೆ ಮುಇಝ್ಝಾ ಎಂಬ ಬೆಕ್ಕಿತ್ತು, ಅದು ಮಲಗಿದ್ದಾಗ ಎಬ್ಬಿಸಬಾರದೆಂದು ಅವರು ಅಂಗಿಯ ತೋಳನ್ನೇ ಕತ್ತರಿಸಿದರು ಎಂಬ ಕಥೆ ನಮ್ಮ ಮೊಬೈಲುಗಳಲ್ಲಿ ಬಹಳ ಹರಿದಾಡುತ್ತದೆ. ಪ್ರಮಾಣಿತ ಹದೀಸ್ ಸಂಗ್ರಹಗಳಲ್ಲಿ ಇಂತಹ ವರದಿ ಇಲ್ಲ. ಪ್ರವಾದಿ(ಸ)ರವರ ಹೆಸರಿನಲ್ಲಿ ಏನನ್ನಾದರೂ ಹೇಳುವ ಮುನ್ನ ಖಚಿತಪಡಿಸಿಕೊಳ್ಳುವುದು ನಮ್ಮ ಕರ್ತವ್ಯ. ಆಶಯ ಒಳ್ಳೆಯದೆಂಬುದು ಸಾಲದು. ಇದನ್ನೇ ಹೋಲುವ ಘಟನೆಯನ್ನು ಇತಿಹಾಸಕಾರ ಇಮಾಮ್ ಝಹಬಿ(ರಹ್)ರವರು ಇರಾಕಿನ ಶೈಖ್ ಅಹ್ಮದ್ ರಿಫಾಈ(ರಹ್)ರವರ ಜೀವನಚರಿತ್ರೆಯಲ್ಲಿ ಉಲ್ಲೇಖಿಸಿದ್ದಾರೆ. ಹಿಜರಿ 578ರಲ್ಲಿ (1182) ನಿಧನರಾದ ಈ ಶೈಖರ ಹೆಸರು ದಖ್ಖನಿನ ಹಿರಿಯರಿಗೆ ಹೊಸದಲ್ಲ. ಅವರ ತೋಳಿನ ಮೇಲೆ ಬೆಕ್ಕು ಮಲಗಿತ್ತು. ನಮಾಝಿನ ಹೊತ್ತಾಯಿತು. ಅವರು ತೋಳನ್ನು ಕತ್ತರಿಸಿ ಎದ್ದು ಹೋದರು. ಮರಳಿ ಬಂದಾಗ ಬೆಕ್ಕು ಎದ್ದು ಹೋಗಿತ್ತು. ಕತ್ತರಿಸಿದ ತೋಳನ್ನು ಮತ್ತೆ ಹೊಲಿದುಕೊಂಡರು. ಅವರು ಬೆಕ್ಕಿಗಾಗಿ ನಮಾಝನ್ನು ತಡಮಾಡಲಿಲ್ಲ, ನಮಾಝಿಗಾಗಿ ಬೆಕ್ಕನ್ನು ಎಬ್ಬಿಸಲೂ ಇಲ್ಲ.

ಕೈರೋದ ವ್ಯಾಕರಣ ಪಂಡಿತ ಇಬ್ನ್ ಬಾಬಶಾಝ್(ರಹ್) ಹಿಜರಿ 469ರಲ್ಲಿ (1077) ತೀರಿಕೊಂಡವರು. ಸರಕಾರದ ಪತ್ರಗಳ ಭಾಷೆಯನ್ನು ಪರಿಶೀಲಿಸಿ ತಿದ್ದುವ ಹುದ್ದೆ ಅವರದಾಗಿತ್ತು. ಒಂದು ದಿನ ಮಸೀದಿಯ ಮಾಳಿಗೆಯ ಮೇಲೆ ಸ್ನೇಹಿತರೊಂದಿಗೆ ಊಟ ಮಾಡುತ್ತಿದ್ದಾಗ ಒಂದು ಬೆಕ್ಕು ಬಂತು. ಕೊಟ್ಟ ತುಂಡನ್ನು ತಿನ್ನದೆ ಕಚ್ಚಿಕೊಂಡು ಹೋಗಿ ಮತ್ತೆ ಬಂತು. ಹೀಗೆ ಹಲವು ಸಲ ನಡೆಯಿತು. ಹಿಂಬಾಲಿಸಿ ನೋಡಿದರೆ ಅದು ಹಾಳು ಜಾಗವೊಂದರಲ್ಲಿದ್ದ ಕುರುಡು ಬೆಕ್ಕಿಗೆ ಆಹಾರ ಒಯ್ಯುತ್ತಿತ್ತು. ಅನ್ನದಾತನಾದ ಅಲ್ಲಾಹನು ಈ ಕುರುಡು ಪ್ರಾಣಿಗೂ ಸೇವಕನನ್ನು ಕೊಟ್ಟಿರುವಾಗ ತನ್ನನ್ನು ಕೈಬಿಡುವನೇ ಎಂದು ಪಂಡಿತರು ಹುದ್ದೆಯನ್ನೇ ತ್ಯಜಿಸಿ ಮಸೀದಿಯಲ್ಲಿ ಜ್ಞಾನಾರ್ಜನೆಗೆ ಕುಳಿತರೆಂದು ಇಬ್ನ್ ಖಲ್ಲಿಕಾನ್ ಬರೆಯುತ್ತಾರೆ. ಹಿಜರಿ 808ರಲ್ಲಿ (1405) ನಿಧನರಾದ ದಮೀರಿಯವರ ಪ್ರಸಿದ್ಧ ಪ್ರಾಣಿಕೋಶದಂತಹ ಗ್ರಂಥಗಳಲ್ಲಿ ಬೆಕ್ಕಿನ ಕುರಿತ ಇಂತಹ ವಿಚಾರಗಳು ಬಹಳಷ್ಟು ಸಂಗ್ರಹವಾಗಿವೆ.

ವ್ಯಕ್ತಿಗಳ ಕರುಣೆ ಸಮಾಜದ ವ್ಯವಸ್ಥೆಯಾಗಿಯೂ ಬೆಳೆಯಿತು. 1260ರಿಂದ 1277ರವರೆಗೆ ಈಜಿಪ್ಟನ್ನು ಆಳಿದ ಸುಲ್ತಾನ್ ಬೈಬರ್ಸ್ ಕೈರೋದಲ್ಲಿ ತಾನು ಕಟ್ಟಿಸಿದ ಮಸೀದಿಯ ಬಳಿಯ ತೋಟವೊಂದನ್ನು ಬೆಕ್ಕುಗಳಿಗಾಗಿ ವಕ್ಫ್ ಮಾಡಿದ್ದನೆಂದು ಹೇಳಲಾಗಿದೆ. ಆರು ಶತಮಾನಗಳ ತರುವಾಯ ಕೈರೋದಲ್ಲಿ ವಾಸವಾಗಿದ್ದ ಇಂಗ್ಲಿಷ್ ವಿದ್ವಾಂಸ ಎಡ್ವರ್ಡ್ ಲೇನ್ 1836ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದರ ಮುಂದಿನ ಕಥೆಯನ್ನು ದಾಖಲಿಸಿದ್ದಾನೆ. ತೋಟ ಹಲವು ಕೈಗಳನ್ನು ದಾಟಿತ್ತು, ಅದರ ಆದಾಯ ಅತ್ಯಲ್ಪವಾಗಿತ್ತು. ಆದರೂ ಅಸರ್ ಹೊತ್ತಿಗೆ ಕಾಝಿಯ ನ್ಯಾಯಾಲಯದ ಅಂಗಳದಲ್ಲಿ ನಗರದ ಬೆಕ್ಕುಗಳು ಸೇರುತ್ತಿದ್ದವು, ಅವುಗಳಿಗೆ ಆಹಾರ ಹಾಕಲಾಗುತ್ತಿತ್ತು. ಸಾಕಲಾರದ ಬೆಕ್ಕುಗಳನ್ನು ಜನರು ಅಲ್ಲಿಗೇ ತಂದು ಬಿಡುತ್ತಿದ್ದರಂತೆ. ನಾವು ನದಿಯಾಚೆ ಎಸೆದು ಬರುವ ಬೆಕ್ಕಿಗೂ ಆ ಬೆಕ್ಕಿಗೂ ಇದ್ದ ವ್ಯತ್ಯಾಸ ಇಷ್ಟೇ: ಅಲ್ಲಿ ಊಟ ಹಾಕುವ ಕೈ ಕಾದಿರುತ್ತಿತ್ತು.

ಹಗೇವಿನ ಕಾವಲಿನಿಂದ ಮುಚ್ಚಿದ ಮನೆಗೆ

ಮನುಷ್ಯನಿಗೂ ಬೆಕ್ಕಿಗೂ ಗೆಳೆತನ ಬೆಳೆದದ್ದು ಧಾನ್ಯದ ದಾಸ್ತಾನಿನ ಸುತ್ತ. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷಗಳ ಹಿಂದಿನ ಗೋರಿಯೊಂದರಲ್ಲಿ ಮನುಷ್ಯನ ಅಸ್ಥಿಪಂಜರದ ಸಮೀಪದಲ್ಲೇ ಬೆಕ್ಕಿನದೂ ದೊರೆತುದನ್ನು 2004ರಲ್ಲಿ ಪುರಾತತ್ವಜ್ಞರು ಪ್ರಕಟಿಸಿದರು. ಆ ದ್ವೀಪದಲ್ಲಿ ಮೂಲತಃ ಬೆಕ್ಕುಗಳಿರಲಿಲ್ಲ. ಯಾರೋ ದೋಣಿಯಲ್ಲಿ ತಂದಿರಬೇಕು. ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಕಾಡುಬೆಕ್ಕೇ ನಮ್ಮ ಮನೆಬೆಕ್ಕುಗಳ ಮೂಲ. ಧಾನ್ಯವಿದ್ದಲ್ಲಿ ಇಲಿ ಬಂತು, ಇಲಿಯಿದ್ದಲ್ಲಿ ಬೆಕ್ಕು ಬಂತು.

ನಮ್ಮ ಕಡೆಯ ಹಳೆಯ ಮನೆಗಳೂ ಇದೇ ಲೆಕ್ಕದಲ್ಲಿ ನಡೆದವು. ಜೋಳ ತುಂಬಿದ ಹಗೇವು, ಪಡಸಾಲೆಯ ಮೂಲೆಯ ಕಣಜ, ಮಣ್ಣಿನ ಮೇಲ್ಮುದ್ದೆಯ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ. ಬೆಕ್ಕು ಬೆಳಕಿಂಡಿಯಿಂದ ಇಳಿದು, ಉಂಡು, ಮಲಗಿ, ಮತ್ತೆ ಮಾಳಿಗೆಗೆ ಹತ್ತಿ ಓಣಿಯ ಉದ್ದಕ್ಕೂ ಅಲೆದು ಬರುತ್ತಿತ್ತು. ಅದಕ್ಕೆ ಕೆಲಸವಿತ್ತು, ನಂಟಿತ್ತು. ಅದರ ಕೆಲಸದ ಬೆಲೆ ಪ್ಲೇಗಿನ ಕಾಲದಲ್ಲಿ ಇನ್ನಷ್ಟು ತಿಳಿಯಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ ಜಿಲ್ಲೆಗಳಿಗೂ ಹರಡಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಅದರ ಹಾವಳಿ ಘೋರವಾಗಿತ್ತು. ಹಾಫ್‌ಕಿನ್ ಲಸಿಕೆಯನ್ನು ಅಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಇಲಿ ಸತ್ತು ಬಿದ್ದ ಮನೆಗಳನ್ನು ತೊರೆದು ಜನರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅದೇ 1898ರಲ್ಲಿ ಕರಾಚಿಯಲ್ಲಿ ಸಂಶೋಧನೆ ನಡೆಸುತ್ತಿದ್ದ ಫ್ರೆಂಚ್ ವೈದ್ಯ ಸಿಮೊಂಡ್ ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹರಡುತ್ತದೆಂದು ತೋರಿಸಿದ. 1908ರಲ್ಲಿ ಅಮರಾವತಿಯ ಸರಕಾರಿ ವೈದ್ಯ ಆಂಡ್ರ್ಯೂ ಬ್ಯೂಕ್ಯಾನನ್, ಬೆಕ್ಕುಗಳು ಹೆಚ್ಚಾಗಿರುವ ಊರುಗಳಲ್ಲಿ ಪ್ಲೇಗು ಕಡಿಮೆಯೆಂದು ವಾದಿಸಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಬರೆದ. ಬೆಕ್ಕಿಗೂ ಪ್ಲೇಗು ತಗಲಬಲ್ಲದೆಂಬುದು ಇಂದು ತಿಳಿದಿರುವುದರಿಂದ ಆ ವಾದವನ್ನು ಪೂರ್ತಿಯಾಗಿ ಒಪ್ಪಲಾಗದು. ಆದರೂ ಆ ಕಾಲದವರಿಗೆ ಬೆಕ್ಕು ಮನೆಯ ಕಾವಲುಗಾರನಂತೆ ಕಂಡದ್ದು ನಿಜ.

ಕೊಣ್ಣೂರಿನ ಬದುಕು ಬದಲಾಯಿತು. ಪಕ್ಕದ ಗೋಕಾಕ ಜಲಪಾತದಲ್ಲಿ 1885ರಲ್ಲಿ ಹುಟ್ಟಿದ ಹತ್ತಿಗಿರಣಿ ಎಷ್ಟೋ ಮನೆಗಳ ದಿನಚರಿಯನ್ನು ಪಾಳಿಗಳ ಲೆಕ್ಕಕ್ಕೆ ಒಗ್ಗಿಸಿತು. ಹಗೇವುಗಳು ಮುಚ್ಚಿದವು. ಜೋಳದ ಹಿಟ್ಟು ಚೀಲದಲ್ಲಿ ಬರತೊಡಗಿತು. ಮಣ್ಣಿನ ಮಾಳಿಗೆಯ ಜಾಗದಲ್ಲಿ ಕಾಂಕ್ರೀಟು ಬಂತು, ಬೆಳಕಿಂಡಿ ಮಾಯವಾಯಿತು, ಕಿಟಕಿಗೆ ಸೊಳ್ಳೆಜಾಲರಿ ಬಂತು. ಮಕ್ಕಳು ಶಾಲೆಗೆ, ಹಿರಿಯರು ಕೆಲಸಕ್ಕೆ ಹೊರಟರೆ ಮನೆಗೆ ಬೀಗ. ತುಂಬಿದ ಮನೆಯಲ್ಲಿ ಸುಳಿದಾಡುತ್ತಿದ್ದ ಪ್ರಾಣಿಗೆ ಈಗ ಸುತ್ತಲು ಯಾರೂ ಇಲ್ಲ. ಅದರ ಅಳುವಿಗೆ ಹಟವೆಂದು ಹೆಸರಿಡುವ ಮುನ್ನ, ಅದರ ಕೆಲಸವನ್ನೂ ದಾರಿಯನ್ನೂ ಜೊತೆಯನ್ನೂ ಕಳೆದವರು ನಾವೇ ಎಂಬುದನ್ನು ನೆನೆಯಬೇಕು.

ಮಾನೊಗೆ ನಾವು ಮಾಡಿದ್ದು

ಮೊದಲು ಅದನ್ನು ಪಶುವೈದ್ಯರ ಬಳಿ ಒಯ್ದೆವು. ವಯಸ್ಸಾದ ಬೆಕ್ಕು ರಾತ್ರಿ ಕೂಗುವುದಕ್ಕೆ ನೋವು, ಥೈರಾಯ್ಡ್ ತೊಂದರೆ, ರಕ್ತದ ಒತ್ತಡ, ಕಿವಿ ಮಂದವಾಗುವುದು ಇತ್ಯಾದಿ ಕಾರಣಗಳೂ ಇರಬಲ್ಲವು. ದುಃಖವೆಂದು ನಾವೇ ನಿರ್ಧರಿಸಿ ಕುಳಿತರೆ ರೋಗ ಉಳಿದುಬಿಡುತ್ತದೆ. ಮಾನೊಗೆ ಅಂತಹ ರೋಗವಿರಲಿಲ್ಲ. ಬೆಕ್ಕು ಒಂಟಿಜೀವಿ, ಅದಕ್ಕೆ ಮನೆಯೇ ಮುಖ್ಯ, ಮನುಷ್ಯರಲ್ಲ ಎಂಬ ನಮ್ಮ ನಂಬಿಕೆಯನ್ನು ವೈದ್ಯರು ತಿದ್ದಿದರು. ಬೆಳೆದ ಬೆಕ್ಕುಗಳು ತಮ್ಮ ತಮ್ಮಲ್ಲಿ 'ಮಿಯಾಂವ್' ಎನ್ನುವುದು ಬಹಳ ಅಪರೂಪ. ಆ ಭಾಷೆಯನ್ನು ಅವು ಮುಖ್ಯವಾಗಿ ನಮ್ಮೊಂದಿಗೆ ಮಾತಾಡಲೆಂದೇ ಉಳಿಸಿಕೊಂಡಿವೆ. 2019ರಲ್ಲಿ ಅಮೆರಿಕದ ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು ಬೆಕ್ಕಿನ ಮರಿಗಳನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 64ರಷ್ಟು ಮರಿಗಳು, ಮಗು ತಾಯಿಯನ್ನು ನಂಬುವಂತೆ, ಸಾಕುವವರ ಸನ್ನಿಧಿಯಲ್ಲಿ ಧೈರ್ಯ ಪಡೆಯುತ್ತಿದ್ದವು.

ಆಮೇಲೆ ಅಬೂ ಹುರೈರಾ(ರ)ರವರ ರೀತಿಯನ್ನು ನಮ್ಮ ಮನೆಗೆ ಒಗ್ಗಿಸಿಕೊಂಡೆವು. ಹಗಲಿನ ಆಟಕ್ಕೆ ಹೊತ್ತು ಗೊತ್ತುಮಾಡಿದೆವು: ಫಜ್ರ್‌ನ ಬಳಿಕ ಹತ್ತು ನಿಮಿಷ, ಮಗ್ರಿಬ್‌ನ ಬಳಿಕ ಹತ್ತು ನಿಮಿಷ. ಕೋಲಿನ ತುದಿಗೆ ಬಟ್ಟೆಯ ಚೂರು ಕಟ್ಟಿ ಇಲಿಯಂತೆ ಓಡಿಸಿ, ಕೊನೆಗೆ ಅದಕ್ಕೆ ಹಿಡಿಯಲು ಬಿಟ್ಟು, ಕೂಡಲೇ ಊಟ ಕೊಡುವುದು. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ ಎಂಬುದು ಬೆಕ್ಕಿನ ಸಹಜ ಕ್ರಮ. ಆ ಕ್ರಮ ಸಿಕ್ಕಿದರೆ ರಾತ್ರಿಯ ಅಲೆದಾಟ ಕಡಿಮೆಯಾಗುತ್ತದೆ. ಆಟ ಮುಗಿದ ಮೇಲೆ ದಾರ, ಬಟ್ಟೆಗಳನ್ನು ಎತ್ತಿಡಬೇಕು. ನುಂಗಿದ ದಾರ ಕರುಳಿಗೆ ಸುತ್ತಿಕೊಂಡು ಪ್ರಾಣವನ್ನೇ ತೆಗೆಯಬಲ್ಲದು.

ಮರದ ಬದಲು ಅದಕ್ಕೊಂದು ಎತ್ತರದ ಜಾಗ ಕೊಟ್ಟೆವು. ಓಣಿ ಕಾಣುವ ಕಿಟಕಿಯ ಪಕ್ಕ ಹಲಗೆಯೊಂದನ್ನು ಬಡಿದು, ಅದರ ಮೇಲೆ ನಾನಿಯವರ ಹಳೆಯ ದುಪಟ್ಟಾ ಹಾಸಿದೆವು. ಪರಿಚಿತ ವಾಸನೆ ಬೆಕ್ಕಿಗೆ ಧೈರ್ಯ ತರುತ್ತದೆ. ಉಗುರು ಕೆರೆಯಲು ಗೋಣಿ ಸುತ್ತಿದ ಮರದ ತುಂಡು, ಅಡಗಲು ಒಂದು ರಟ್ಟಿನ ಪೆಟ್ಟಿಗೆ. ಒಂದೇ ಸಲ ತಟ್ಟೆ ತುಂಬಿಸುವ ಬದಲು ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಆಹಾರ ಕೊಡತೊಡಗಿದೆವು. ಒಂದಿಷ್ಟನ್ನು ರಟ್ಟಿನ ಮಡಿಕೆಗಳಲ್ಲಿ ಅಡಗಿಸಿ ಹುಡುಕಲು ಬಿಟ್ಟೆವು. ಬೀಗ ಹಾಕಿದ ಮನೆಯಲ್ಲಿ ಅದಕ್ಕೆ ಅದೇ ಒಂದು ಕೆಲಸ. ಬೆಕ್ಕು ಮಾಂಸಾಹಾರಿ, ಬರಿಯ ಹಾಲನ್ನ ಅದಕ್ಕೆ ಸಾಲದು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವೂ ಆಗುವುದಿಲ್ಲ. ನೀರನ್ನು ಮಾತ್ರ ಎರಡು ಕಡೆ ಯಾವಾಗಲೂ ಇಡಬೇಕು.

ನಾವು ತಪ್ಪಿದ್ದೂ ಉಂಟು. ಮೊದಲ ವಾರಗಳಲ್ಲಿ ರಾತ್ರಿ ಕೂಗಿದಾಗಲೆಲ್ಲಾ ಎದ್ದು ಮೀನಿನ ಚೂರು ಕೊಟ್ಟೆವು. ಕೂಗಿದರೆ ಮೀನು ಸಿಗುತ್ತದೆಂದು ಅದು ಕಲಿತು ಇನ್ನಷ್ಟು ಕೂಗಿತು. ಬೇಸತ್ತು ಒಂದು ರಾತ್ರಿ ನೀರು ಎರಚಿದೆವು. ಮರುದಿನವೆಲ್ಲಾ ಅಲ್ಮೇರಾದ ಕೆಳಗಿನಿಂದ ಹೊರಬರಲಿಲ್ಲ. ಹೆದರಿದ ಜೀವ ಸುಮ್ಮನಾದದ್ದನ್ನು ನೆಮ್ಮದಿಯೆಂದು ತಿಳಿಯಬಾರದೆಂದು ಅಂದು ಕಲಿತೆವು. ಕೂಗುವಾಗ ಮೌನವಾಗಿದ್ದು, ಸುಮ್ಮನೆ ಕುಳಿತಿದ್ದಾಗ ಹತ್ತಿರ ಕರೆದು ತಲೆ ಸವರುವುದೇ ಫಲ ಕೊಟ್ಟಿತು. ಅದಕ್ಕೆ ತಾಳ್ಮೆ ಬೇಕು, ಮನೆಯವರೆಲ್ಲರೂ ಒಂದೇ ರೀತಿ ನಡೆದುಕೊಳ್ಳಬೇಕು.

ಜೊತೆಗಾಗಿ ಇನ್ನೊಂದು ಬೆಕ್ಕು ತರುವುದು ಎಲ್ಲ ಸಲವೂ ಪರಿಹಾರವಲ್ಲ. ಒಂಬತ್ತು ವರ್ಷ ಒಂಟಿಯಾಗಿ ರಾಜ್ಯವಾಳಿದ ಬೆಕ್ಕಿಗೆ ಹೊಸಬರು ಶತ್ರುವಾಗಿಯೂ ಕಾಣಬಹುದು. ತರುವುದಾದರೆ ಬೇರೆ ಕೋಣೆಯಲ್ಲಿಟ್ಟು, ವಾಸನೆಗೆ ಒಗ್ಗಿಸಿ, ವಾರಗಟ್ಟಲೆ ನಿಧಾನವಾಗಿ ಪರಿಚಯಿಸಬೇಕು. ಮಕ್ಕಳಿಗೆ ಇನ್ನೊಂದು ಎಚ್ಚರಿಕೆಯನ್ನೂ ಹೇಳಿಕೊಡಬೇಕು. ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಮುಚ್ಚಿಡದೆ, ಹರಿಯುವ ನೀರಿನಲ್ಲಿ ಸಾಬೂನಿನಿಂದ ಹದಿನೈದು ನಿಮಿಷ ತೊಳೆದು ಅದೇ ದಿನ ವೈದ್ಯರ ಬಳಿ ಹೋಗಬೇಕು. ಬೆಕ್ಕಿಗೆ ರೇಬಿಸ್ ಲಸಿಕೆ ಹಾಕಿಸುವುದೂ ಅದರ ಹಕ್ಕಿನಲ್ಲೇ ಸೇರಿದೆ.

ಮಗುವಿನ ಮಾತು

ಪ್ರವಾದಿ(ಸ)ರವರ ಸೇವಕರಾಗಿದ್ದ ಅನಸ್(ರ)ರವರಿಗೆ ಅಬೂ ಉಮೈರ್ ಎಂಬ ಪುಟ್ಟ ತಮ್ಮನಿದ್ದ. ಅವನೊಂದು ಚಿಕ್ಕ ಹಕ್ಕಿಯೊಂದಿಗೆ ಆಡುತ್ತಿದ್ದ. ಹಕ್ಕಿ ಸತ್ತು ಅವನು ಮಂಕಾಗಿ ಕುಳಿತಿದ್ದಾಗ, ಒಂದು ಸಮುದಾಯದ ಭಾರವನ್ನು ಹೊತ್ತಿದ್ದ ಪ್ರವಾದಿ(ಸ)ರವರು ಅವನ ಬಳಿ ಕುಳಿತು ಆ ಹಕ್ಕಿಯ ಕುರಿತು ಅಕ್ಕರೆಯಿಂದ ವಿಚಾರಿಸಿದರು. ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿರುವ ಈ ಪುಟ್ಟ ಹದೀಸಿನಿಂದ ಅರವತ್ತಕ್ಕೂ ಹೆಚ್ಚು ಪಾಠಗಳನ್ನು ಆಯ್ದು ಶಾಫಿಈ ವಿದ್ವಾಂಸ ಇಬ್ನುಲ್ ಕಾಸ್(ರಹ್) ಒಂದು ಕೃತಿಯನ್ನೇ ಬರೆದರು. ನಮ್ಮ ಮನೆಗೆ ಅದರಿಂದ ದಕ್ಕಿದ ಪಾಠ ಒಂದು: ಮಗುವಿಗೂ ಪ್ರಾಣಿಗೂ ನಡುವಿನ ನಂಟನ್ನು ಕ್ಷುಲ್ಲಕವೆಂದು ತಳ್ಳಿಹಾಕಬಾರದು. ಭೂಮಿಯ ಮೇಲೆ ನಡೆಯುವ, ರೆಕ್ಕೆಗಳಿಂದ ಹಾರುವ ಜೀವಿಗಳೆಲ್ಲವೂ ನಿಮ್ಮಂತೆಯೇ ಸಮುದಾಯಗಳೆಂದು ಅಲ್ ಅನ್ಆಮ್ ಅಧ್ಯಾಯ ತಿಳಿಸುತ್ತದೆ. ಆ ಮಾತನ್ನು ನಾವು ಹಲವು ಸಲ ಓದಿದ್ದೆವು. ನಮ್ಮ ಮನೆಯಲ್ಲಿ ಅದನ್ನು ಮೊದಲು ಅರ್ಥಮಾಡಿಕೊಂಡವಳು ಆ ಚಿಕ್ಕ ಹುಡುಗಿ.

ಮೂರು ತಿಂಗಳಾಗುವ ಹೊತ್ತಿಗೆ ರಾತ್ರಿಯ ಕೂಗು ಬಹುಮಟ್ಟಿಗೆ ನಿಂತಿತು. ಪೂರ್ತಿ ನಿಂತಿದೆಯೆಂದು ಹೇಳಲಾರೆವು. ಈಗಲೂ ಕೆಲವು ರಾತ್ರಿ ಆ ಕೋಣೆಯ ಬಾಗಿಲ ಬಳಿ ಹೋಗಿ ಒಂದೆರಡು ಸಲ ಕರೆಯುತ್ತದೆ. ನಾವು ಆ ಬಾಗಿಲನ್ನು ಮುಚ್ಚುವುದನ್ನು ಬಿಟ್ಟಿದ್ದೇವೆ. ಒಳಗೆ ಹೋಗಿ ಮೂಸಿ ನೋಡಿ, ಹಿಂತಿರುಗಿ ತನ್ನ ಹಲಗೆಯ ಮೇಲೆ ಮಲಗುತ್ತದೆ. ಫಜ್ರ್‌ನ ಅಝಾನ್‌ಗೆ ಮಾತ್ರ ತಪ್ಪದೆ ಏಳುತ್ತದೆ. ಮನೆಯಲ್ಲಿ ಎಷ್ಟೋ ದಿನ ನಮಾಝಿಗೆ ನಮ್ಮನ್ನು ಎಬ್ಬಿಸುವುದೂ ಅದೇ.

ಬಾಗಿಲ ಹಿಂದಿದ್ದ ಚೀಲವನ್ನು ಬಿಚ್ಚಿ ಮರದ ತುಂಡಿಗೆ ಸುತ್ತಿದ್ದೇವೆ. ಮಾನೊ ದಿನವೂ ಅದರ ಮೇಲೆ ಉಗುರು ಮಸೆಯುತ್ತದೆ. ಹಸಿ ಕರುಳುಳ್ಳ ಪ್ರತಿಯೊಂದು ಜೀವಿಗೆ ತೋರುವ ದಯೆಗೂ ಪ್ರತಿಫಲವಿದೆಯೆಂದು ನಾಯಿಗೆ ನೀರುಣಿಸಿದವನ ಪ್ರಸಂಗದಲ್ಲಿ ಪ್ರವಾದಿ(ಸ)ರವರು ತಿಳಿಸಿದ್ದಾರೆ. ನಮ್ಮ ವಶದಲ್ಲಿರುವ ಮೂಕಜೀವಗಳ ಹಕ್ಕನ್ನು ಅರಿತು ಸಲ್ಲಿಸುವ ಮನಸ್ಸನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ನಾನಿಯವರ ಮೇಲೆ ಅವನ ಕೃಪೆಯಿರಲಿ. ಆಮೀನ್.